ಎಡಗೈ ಹೆಬ್ಬೆರಳಿನ ಶಾಯಿ

2018ರ ನವೆಂಬರ್ ಕೊನೆಯ ವಾರ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಪೂರ್ವ ಭಾಗದ ನಮ್ಮೂರ ಕನ್ನಡ ಶಾಲೆಯ ಪಡಸಾಲೆಯಲ್ಲಿ ಎರಡು ಬೆಂಚು, ನೀಲಿ ಬಣ್ಣದ ಒಂದು ಲಸಿಕೆ ಡಬ್ಬಿ, ಅದರ ಪಕ್ಕದಲ್ಲಿ ಕೂತ ಸಿಸ್ಟರ್ ಬಾಯಿ. ಮಕ್ಕಳು ಸಾಲಾಗಿ ಬಂದು ಬಲಗೈ ತೋಳು ಮೇಲೇರಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸೂಜಿ ಆದ ಮೇಲೆ ಆಶಾ ಕಾರ್ಯಕರ್ತೆ ಎಡಗೈ ಹೆಬ್ಬೆರಳಿನ ಉಗುರಿಗೆ ಮಾರ್ಕರ್ ಪೆನ್ನಿನಿಂದ ಗೀರು ಹಾಕಿ, ಅರ್ಧ ಗಂಟೆ ಅಲ್ಲೇ ಕೂರಿಸಿ ಕಳಿಸುತ್ತಿದ್ದಳು. ನನ್ನ ಅಣ್ಣನ ಸಣ್ಣ ಮಗಳಿಗೆ ಆಗ ಹನ್ನೊಂದು ವರ್ಷ. ಅಳುತ್ತ ಹೋದವಳು ನಗುತ್ತ ಬಂದು, ಉಗುರಿನ ಕರಿ ಗೀರನ್ನು ಓಣಿಗೆಲ್ಲ ತೋರಿಸಿದಳು. ಅವಳ ಅಕ್ಕನಿಗೆ ಹದಿನೇಳು. ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತ ನಿಂತಿದ್ದಳು.

'ಅಕ್ಕಗ ಯಾಕಿಲ್ಲ ಸೂಜಿ?' ಎಂದು ಸಣ್ಣಾಕಿ ಕೇಳಿದಳು.

'ಅಕಿ ದೊಡ್ಡಾಕಿ ಆಗ್ಯಾಳವಾ. ಇದು ಸಣ್ಣ ಹುಡುಗರ ಸೂಜಿ' ಎಂದರು ವೈನಿ, ಅಣ್ಣನ ಹೆಂಡತಿ. ನಾನೂ ಹೂಂ ಎಂದೆ.

ವರ್ಷಗಳು ಕಳೆದು ಆ ದೊಡ್ಡಾಕಿಗೆ ಇಂಡಿ ಕಡೆಯ ಸಂಬಂಧ ಕೂಡಿ ಬಂದು, ಸಾಕರಪುಡಾ ಎಂಬ ನಿಶ್ಚಿತಾರ್ಥ ಮುಗಿದು, ಮನೆಯಲ್ಲಿ ಬಸ್ತಾದ, ಅಂದರೆ ಮದುವೆ ಬಟ್ಟೆ ಖರೀದಿಯ, ಮಾತು ನಡೆದಿದ್ದಾಗ ನನಗೆ ಆ ಉಗುರಿನ ಗೀರು ನೆನಪಾಯಿತು. ಅವಳ ಹೆಬ್ಬೆರಳಿಗೆ ಅದು ಎಂದೂ ಬಿದ್ದಿರಲಿಲ್ಲ.

ಆ ಸೂಜಿಯಲ್ಲಿ ಇದ್ದದ್ದು ಎರಡು ಬೇನೆಗಳ ಲಸಿಕೆ. ನಮ್ಮ ಕಡೆ ಅದನ್ನು 'ಗೋವರ್–ರುಬೆಲಾ' ಎಂದು ಮರಾಠಿಯಲ್ಲಿ ಸಾರಿದರು. ಗಡಿಯಾಚೆ ವಿಜಯಪುರದಲ್ಲಿ ಅದೇ 'ದಡಾರ–ರುಬೆಲ್ಲಾ'. ಗೋವರ್ ಎಂದರೂ ದಡಾರ ಎಂದರೂ ನಮ್ಮ ಹಿರಿಯರು ಗೊಬ್ಬರ ಎಂದು ಕರೆಯುವ ಅದೇ ಬೇನೆ. ಹೆಚ್ಚಾಗಿ ಮಕ್ಕಳನ್ನೇ ಹಿಡಿಯುತ್ತದೆ, ಮಕ್ಕಳನ್ನೇ ಕೊಲ್ಲುತ್ತದೆ. ರುಬೆಲ್ಲಾದ ದಾರಿ ಬೇರೆ. ಸೂಜಿ ಹಾಕಿಸಿಕೊಂಡ ಹುಡುಗಿಗೆ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ. ಹತ್ತು ಹದಿನೈದು ವರ್ಷ ಬಿಟ್ಟು ಅವಳ ಹೊಟ್ಟೆಯಲ್ಲಿ ಬೆಳೆಯುವ ಕೂಸಿಗಾಗಿ ಆ ಅರ್ಧ ಸೂಜಿ.

ರುಬೆಲ್ಲಾಕ್ಕೆ ನಮ್ಮ ಓಣಿಯ ಮಾತಿನಲ್ಲಿ ಬೇರೆ ಹೆಸರನ್ನು ನಾನು ಕೇಳಿಲ್ಲ. ಹೆಸರಿಡುವಷ್ಟು ಕಾಟ ಅದು ಕೊಡುವುದಿಲ್ಲ. ಸಣ್ಣ ಜ್ವರ, ಕಿವಿಯ ಹಿಂದೆ ಮತ್ತು ಕತ್ತಿನಲ್ಲಿ ಗಂಟು, ಮುಖದಿಂದ ಮೈಗೆ ಇಳಿಯುವ ತೆಳು ಗುಲಾಬಿ ಗುಳ್ಳಿ. ಮೂರು ದಿನಕ್ಕೆ ಎಲ್ಲ ಮಾಯ. ಬೆವರುಗುಳ್ಳಿ ಅಂದುಕೊಳ್ಳುತ್ತಾರೆ, ಇಲ್ಲವೇ 'ಅಮ್ಮ ಬಂದಾಳ' ಎಂದು ಬೇವಿನ ತಪ್ಪಲು ಕಟ್ಟುತ್ತಾರೆ. ಸೋಂಕು ತಗುಲಿದವರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಗೆ ಗುಳ್ಳಿಯೂ ಏಳುವುದಿಲ್ಲ. ಹೀಗಾಗಿ 'ನಮಗೆ ಅದು ಬಂದೇ ಇಲ್ಲ' ಅಥವಾ 'ಸಣ್ಣವಳಿದ್ದಾಗ ಬಂದು ಹೋಗೇತಿ' ಎಂದು ಯಾವ ತಾಯಿಯೂ ಗಟ್ಟಿಯಾಗಿ ಹೇಳುವಂತಿಲ್ಲ. ರುಬೆಲ್ಲಾ ಎಂಬ ಹೆಸರನ್ನು 1866ರಲ್ಲಿ ಇಟ್ಟವನು ಹೆನ್ರಿ ವೀಲ್ ಎಂಬ ಬ್ರಿಟಿಷ್ ಸೇನೆಯ ವೈದ್ಯ. ಅವನು ಬರೆದದ್ದು ಹಿಂದೂಸ್ತಾನದ ಒಂದು ವಸತಿ ಶಾಲೆಯ ಹುಡುಗರಲ್ಲಿ ಕಂಡ ಬೇನೆಯ ಬಗ್ಗೆ. ನಮ್ಮ ನೆಲದಲ್ಲೇ ಹೆಸರು ಪಡೆದ ಬೇನೆಯನ್ನು ನಾವು ಗುರುತು ಹಿಡಿಯದೆ ಒಂದೂವರೆ ಶತಮಾನ ಕಳೆದೆವು.

ಅದರ ನಿಜರೂಪವನ್ನು ಮೊದಲು ಕಂಡವನು ಆಸ್ಟ್ರೇಲಿಯಾದ ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್. 1941ರ ಮಾತು. ಹುಟ್ಟುತ್ತಲೇ ಎರಡೂ ಕಣ್ಣಿಗೆ ಪೊರೆ ಬಂದ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಅವನಲ್ಲಿಗೆ ಒಬ್ಬರ ಹಿಂದೊಬ್ಬರು ಬರತೊಡಗಿದರು. ಪೊರೆ ಮುದುಕರ ಕಣ್ಣಿಗೆ ಬರುವಂಥದ್ದು. ತಿಂಗಳ ಕೂಸುಗಳಿಗೆ ಇಷ್ಟೊಂದು ಯಾಕೆ ಎಂದು ಅವನಿಗೆ ದಿಗಿಲು. ಹೊರಗೆ ಪಾಳಿಗಾಗಿ ಕೂತ ತಾಯಂದಿರು ಬಸುರಿನ ದಿನಗಳ ಸುಖದುಃಖ ಆಡಿಕೊಳ್ಳುತ್ತಿದ್ದರು. 'ನನಗೆ ಆಗ ಜರ್ಮನ್ ದಡಾರ ಬಂದಿತ್ತು', 'ನನಗೂ ಬಂದಿತ್ತು'. ಆ ಮಾತು ಅವನ ಕಿವಿಗೆ ಬಿತ್ತು. ಜರ್ಮನ್ ದಡಾರ ಎಂದರೆ ರುಬೆಲ್ಲಾವೇ. ಹಿಂದಿನ ವರ್ಷವಷ್ಟೇ, ಯುದ್ಧಕ್ಕೆ ಸೇರಿದ ಹುಡುಗರ ಶಿಬಿರಗಳಿಂದ ಎದ್ದ ಆ ಬೇನೆ ಊರೂರಿಗೆ ಹಬ್ಬಿತ್ತು. ಗ್ರೆಗ್ ಬೇರೆ ಡಾಕ್ಟರುಗಳಿಂದಲೂ ಲೆಕ್ಕ ತರಿಸಿ 78 ಕೂಸುಗಳ ವಿವರ ಒಟ್ಟು ಮಾಡಿದ. ಅವರಲ್ಲಿ 68 ಕೂಸುಗಳ ತಾಯಂದಿರಿಗೆ ಬಸುರಿನ ಮೊದಲ ದಿನಗಳಲ್ಲಿ ರುಬೆಲ್ಲಾ ಬಂದು ಹೋಗಿತ್ತು. ಅಲ್ಲಿಯವರೆಗೆ ಹೊಟ್ಟೆಯೊಳಗಿನ ಕೂಸು ಹೊರಗಿನ ಬೇನೆಗಳಿಂದ ಭದ್ರ ಎಂದು ವೈದ್ಯಲೋಕ ನಂಬಿತ್ತು. ಗ್ರೆಗ್‌ನ ಮಾತನ್ನು ಬಹಳ ಮಂದಿ ಮೊದಮೊದಲು ಒಪ್ಪಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಹೆಣ್ಣುಮಕ್ಕಳ ಮಾತಿಗೆ ಕಿವಿಗೊಟ್ಟ ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವ.

ಲೆಕ್ಕ ಹೀಗಿದೆ. ಬಸುರಿನ ಮೊದಲ ಹನ್ನೆರಡು ವಾರದೊಳಗೆ ತಾಯಿಗೆ ರುಬೆಲ್ಲಾ ತಗುಲಿದರೆ, ಹತ್ತು ಕೂಸುಗಳಲ್ಲಿ ಎಂಟು ಒಂಬತ್ತಕ್ಕೆ ಪೆಟ್ಟು. ನಾಲ್ಕನೇ ತಿಂಗಳಲ್ಲಿ ಆದರೆ ಅರ್ಧದಷ್ಟಕ್ಕೆ ಇಳಿಯುತ್ತದೆ. ಐದು ತಿಂಗಳು ದಾಟಿದ ಮೇಲೆ ಅಪರೂಪ. ಪೆಟ್ಟು ಎಂದರೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ, ತಲೆ ಮತ್ತು ಬುದ್ಧಿ ಬೆಳೆಯದಿರುವುದು; ಒಂದೇ ಕೂಸಿನಲ್ಲಿ ಎರಡು ಮೂರು ಕೂಡಿ ಇರುವುದೂ ಉಂಟು. ಗರ್ಭ ನಿಲ್ಲದೆ ಹೋಗುವುದೂ ಉಂಟು. ಆ ಹನ್ನೆರಡು ವಾರಗಳಲ್ಲಿ ಮೊದಲ ಐದಾರು ವಾರ ನಮ್ಮ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ತಿಂಗಳು ತಪ್ಪಿ, ಅತ್ತೆಗೆ ಹೇಳಿ, ಆಶಾಗೆ ತಿಳಿದು, ಆಸ್ಪತ್ರೆಯಲ್ಲಿ ಹೆಸರು ಬರೆಸುವಷ್ಟರಲ್ಲಿ ಎರಡೂವರೆ ಮೂರು ತಿಂಗಳು. ಕೂಸಿನ ಕಣ್ಣು, ಕಿವಿ, ಹೃದಯ ಮೂಡುವ ಕೆಲಸ ಆಗಲೇ ಬಹುಪಾಲು ಮುಗಿದಿರುತ್ತದೆ.

ತಾಯಿ ಕಾರ್ಡು ಕೈಗೆ ಬಂದ ಮೇಲೆ ರಕ್ತ ನೋಡಿ ಏನು ಮಾಡುವುದು? ರುಬೆಲ್ಲಾ ಲಸಿಕೆಯಲ್ಲಿ ಇರುವುದು ಬಲಗುಂದಿಸಿದ ಜೀವಂತ ವೈರಸ್. ಬಸುರಿಗೆ ಅದನ್ನು ಕೊಡುವಂತಿಲ್ಲ. ರಕ್ಷಣೆ ಇಲ್ಲ ಎಂದು ಆಗ ಗೊತ್ತಾದರೆ ಆರು ತಿಂಗಳು ಜೀವ ಕೈಯಲ್ಲಿ ಹಿಡಿದುಕೊಂಡು ಕೂರುವುದಷ್ಟೇ ಉಳಿಯುತ್ತದೆ. ನೋಡುವುದಿದ್ದರೆ ಬಸುರಿಗೆ ಮುಂಚೆ ನೋಡಬೇಕು. ನಮ್ಮ ಸಮಾಜದಲ್ಲಿ ಹಾಗೆಂದರೆ ಮದುವೆಗೂ ಮುಂಚೆ.

ಈಗ ನಮ್ಮ ಗಡಿಯ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಅದು ಬೇರೆ ಕಡೆಯವರ ಲೆಕ್ಕದಂತಿಲ್ಲ. ಜತ್ತದ ಉಮದಿ, ಸಂಖ, ಬಿಳೂರು, ಮಾಡಗ್ಯಾಳ ಕಡೆಯ ಹುಡುಗಿಯರು ವಿಜಯಪುರ, ಇಂಡಿ, ಅಥಣಿಗೆ ಸೊಸೆಯಾಗಿ ಹೋಗುತ್ತಾರೆ. ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ದೇಶದ ದಡಾರ–ರುಬೆಲ್ಲಾ ಅಭಿಯಾನ ಶುರುವಾದದ್ದು 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ. ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕ ಒಂದು. ಮಹಾರಾಷ್ಟ್ರದಲ್ಲಿ ಶುರುವಾದದ್ದು 2018ರ ನವೆಂಬರ್ 27ರಂದು. ಎರಡೂ ಕಡೆ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಮಾತ್ರ. 2003ರ ಜನವರಿಯಲ್ಲಿ ಹುಟ್ಟಿದ ಇಬ್ಬರು ಹುಡುಗಿಯರನ್ನು ನೆನೆದುಕೊಳ್ಳಿ, ಒಬ್ಬಳು ಇಂಡಿಯಲ್ಲಿ, ಇನ್ನೊಬ್ಬಳು ಉಮದಿಯಲ್ಲಿ. ಇಂಡಿಯವಳಿಗೆ ಹದಿನಾಲ್ಕರಲ್ಲಿ ಸೂಜಿ ಸಿಕ್ಕಿತು. ಉಮದಿಯವಳ ಶಾಲೆಗೆ ಲಸಿಕೆ ಬರುವಷ್ಟರಲ್ಲಿ ಅವಳಿಗೆ ಹದಿನಾರು ಹತ್ತಿರ ಬಂದಿತ್ತು. ಜತ್ತದಲ್ಲಿ 2003ರ ನವೆಂಬರ್‌ಗೆ ಮೊದಲು, ವಿಜಯಪುರ ಕಡೆ 2002ರ ಫೆಬ್ರವರಿಗೆ ಮೊದಲು ಹುಟ್ಟಿದ ಹುಡುಗಿಯರ ಉಗುರಿಗೆ ಆ ಶಾಯಿ ಬಿದ್ದಿಲ್ಲ. ಇವತ್ತು ಮದುವೆಯಾಗುತ್ತಿರುವವರು, ಮೊದಲ ಕೂಸಿನ ದಾರಿ ಕಾಯುತ್ತಿರುವವರು ಬಹುತೇಕ ಇವರೇ.

'ನಮ್ಮ ಹುಡುಗಿಗೆ ಗೊಬ್ಬರದ ಸೂಜಿ ಆಗೇತಿ, ಒಂಬತ್ತು ತಿಂಗಳಿಗೆ ಹಾಕಿಸೇವಿ' ಎಂದು ವೈನಿ ಖಾತ್ರಿಯಿಂದ ಹೇಳಿದರು. ಹಾಕಿಸಿದ್ದು ನಿಜ. 1985ರಿಂದ ಸರ್ಕಾರಿ ಪಟ್ಟಿಯಲ್ಲಿ ಇದ್ದ ಆ ಸೂಜಿಯಲ್ಲಿ ದಡಾರದ ಲಸಿಕೆ ಮಾತ್ರ ಇತ್ತು, ರುಬೆಲ್ಲಾ ಇರಲಿಲ್ಲ. ಪೇಟೆಯ ಮಕ್ಕಳ ಡಾಕ್ಟರ ಹತ್ತಿರ ದುಡ್ಡು ಕೊಟ್ಟು ರುಬೆಲ್ಲಾವೂ ಕೂಡಿದ ಎಂಎಂಆರ್ ಲಸಿಕೆ ಹಾಕಿಸಿದವರಿಗೆ ರುಬೆಲ್ಲಾದ ರಕ್ಷಣೆಯೂ ಸಿಕ್ಕಿತ್ತು. ಜೋಳದ ಹೊಲದ ನಡುವಿನ ವಸ್ತಿಗಳಲ್ಲಿ ಬೆಳೆದವರಿಗೆ ಆ ಭಾಗ್ಯ ಎಲ್ಲಿಯದು? ಇನ್ನು ವಯಸ್ಸಿನೊಳಗೆ ಇದ್ದವರಲ್ಲೂ ಎಲ್ಲರೂ ಹಾಕಿಸಿಕೊಳ್ಳಲಿಲ್ಲ. ಈ ಸೂಜಿಯಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿ, ಎಷ್ಟೋ ಮಂದಿ ಅಂದು ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ತಾಯ್ತನ ಕಾಯುವ ಸೂಜಿಯ ಮೇಲೆ ತಾಯ್ತನ ಕಸಿಯುವ ಅಪವಾದ ಹೊರಿಸಿದ್ದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಲಸಿಕೆ ಸಿಗದವರೆಲ್ಲ ಅಪಾಯದಲ್ಲಿದ್ದಾರೆಯೇ? ಹಾಗಲ್ಲ. ಬಹಳ ಮಂದಿಗೆ ಬಾಲ್ಯದಲ್ಲೇ ಗೊತ್ತಿಲ್ಲದೆ ಸೋಂಕು ಬಂದು ಹೋಗಿ, ಜೀವಮಾನದ ರಕ್ಷಣೆ ಉಳಿದಿರುತ್ತದೆ. 2017ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಆರು ಆಸ್ಪತ್ರೆಗಳಲ್ಲಿ 1,800 ಬಸುರಿಯರ ರಕ್ತ ನೋಡಿಸಿದಾಗ, ನೂರರಲ್ಲಿ ಸುಮಾರು 83 ಮಂದಿಗೆ ರಕ್ಷಣೆ ಇತ್ತು. ಉಳಿದ ಹದಿನೇಳು ಮಂದಿಯದೇ ಚಿಂತೆ. ಇಷ್ಟು ವರ್ಷ ಮಕ್ಕಳ ನಡುವೆ ಓಡಾಡಿಕೊಂಡಿದ್ದ ರುಬೆಲ್ಲಾ, ಅಭಿಯಾನದ ಮೇಲೆ ಮಕ್ಕಳಲ್ಲಿ ಕಡಿಮೆಯಾಗುತ್ತಿದೆ. ಒಳ್ಳೆಯದೇ. ಆದರೆ ಬಾಲ್ಯದಲ್ಲಿ ಬೇನೆಯೂ ಬಾರದೆ, ಲಸಿಕೆಯೂ ಸಿಗದೆ ಬೆಳೆದ ಹೆಣ್ಣುಮಕ್ಕಳು ನಡುವೆ ಉಳಿದುಬಿಡುತ್ತಾರೆ. ಗ್ರೀಸ್ ದೇಶದಲ್ಲಿ ಆದದ್ದು ಇದೇ. ಅಲ್ಲಿ 1975ರ ಸುಮಾರಿಗೆ ಮಕ್ಕಳಿಗೆ ಲಸಿಕೆ ಬಂತು, ಅರ್ಧಂಬರ್ಧ ಮಂದಿಯಷ್ಟೇ ಹಾಕಿಸಿದರು, ಹೆಣ್ಣುಮಕ್ಕಳ ಗೊಡವೆಗೆ ಯಾರೂ ಹೋಗಲಿಲ್ಲ. 1993ರಲ್ಲಿ ಬೇನೆ ಮರುಕಳಿಸಿದಾಗ ಅದು ಹಿಡಿದದ್ದು ಹರೆಯದವರನ್ನು; ಆ ಪುಟ್ಟ ದೇಶದಲ್ಲಿ ಪೆಟ್ಟು ತಿಂದು ಹುಟ್ಟಿದ 25 ಕೂಸುಗಳ ರಕ್ತದಲ್ಲಿ ರುಬೆಲ್ಲಾ ಖಚಿತವಾಯಿತು.

ಗಂಡಸರ ಮಾತೂ ಇದೆ. ಜಪಾನ್ ಬಹಳ ವರ್ಷ ಶಾಲೆಯ ಹುಡುಗಿಯರಿಗೆ ಮಾತ್ರ ರುಬೆಲ್ಲಾ ಲಸಿಕೆ ಕೊಟ್ಟಿತು. 2013ರಲ್ಲಿ ಅಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಬಿದ್ದಾಗ, ಅವರಲ್ಲಿ ಹೆಚ್ಚಿನವರು ಲಸಿಕೆ ಕಾಣದೆ ಬೆಳೆದ ಗಂಡಸರು. ಅವರಿಂದ ಮನೆಗೆ ಬಂದ ಬೇನೆ ಬಸುರಿಯರನ್ನು ಮುಟ್ಟಿತು. ನಮ್ಮ ಬರದ ತಾಲ್ಲೂಕಿನಿಂದ ದೀಪಾವಳಿ ಹೊತ್ತಿಗೆ ಗಂಡಸರು ಕಬ್ಬು ಕಡಿಯಲು ಗಂಟುಮೂಟೆ ಕಟ್ಟುತ್ತಾರೆ. ಹತ್ತೂರಿನ ಮಂದಿಯ ಜೊತೆ ಜೋಪಡಿಯಲ್ಲಿ ಇದ್ದು ಬರುತ್ತಾರೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಕರ್ನಾಟಕದಿಂದ ನಡೆದು ಬರುವವರ ಸಾಲು ಮುಗಿಯುವುದಿಲ್ಲ. ರುಬೆಲ್ಲಾ ಹಿಡಿದವನು ಗುಳ್ಳಿ ಏಳುವ ಒಂದು ವಾರ ಮೊದಲಿನಿಂದಲೇ ಬೇನೆ ಹಂಚುತ್ತಿರುತ್ತಾನೆ, ಅವನಿಗೇ ಗೊತ್ತಿಲ್ಲದೆ. ದೂರ ಇದ್ದು ಉಳಿದುಕೊಳ್ಳುವ ಬೇನೆ ಇದಲ್ಲ. ವರನೂ ಒಂದು ಸೂಜಿ ಹಾಕಿಸಿಕೊಂಡರೆ ತಪ್ಪೇನು ಎಂದು ನಾನು ಇಂಡಿಯ ಬೀಗರನ್ನು ಕೇಳಿದೆ. ಹುಡುಗ ಒಂದು ಕ್ಷಣ ನಾಚಿದ, ಆಮೇಲೆ 'ಆತ್ರಿ ಅತ್ತಿ' ಎಂದ.

ಪರೀಕ್ಷೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಒಂದು ತಪ್ಪು ತಿಳಿವಳಿಕೆ ನಮ್ಮ ಸಂಬಂಧಿಕರ ಮನೆಯೊಂದನ್ನು ಹಣ್ಣು ಮಾಡಿತ್ತು. ಆ ಮನೆಯ ಸೊಸೆಗೆ ಎರಡು ಸಲ ಗರ್ಭ ಇಳಿದಿತ್ತು. ಯಾರೋ ಟಾರ್ಚ್ ಟೆಸ್ಟ್ ಎಂಬ ರಕ್ತ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟಿನಲ್ಲಿ ರುಬೆಲ್ಲಾದ ಮುಂದೆ 'ಐಜಿಜಿ ಪಾಸಿಟಿವ್' ಎಂದಿತ್ತು. ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಪಾಠವೆಂದರೆ ಪಾಸಿಟಿವ್ ಅಂದರೆ ಬೇನೆ. ಸೊಸೆಯ ಮೈಯಲ್ಲಿ ಬೇನೆ ಇದೆ ಎಂದು ಅವಳನ್ನು ತವರಿಗೆ ಕಳಿಸಿದರು. ಎಂಟು ತಿಂಗಳು ಅವಳು ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟುಕೊಂಡು ದವಾಖಾನೆ ಸುತ್ತಿದಳು. ಕೊನೆಗೆ ಒಬ್ಬ ಡಾಕ್ಟರಮ್ಮ ಕಾಗದ ಬಿಡಿಸಿ ನೋಡಿ, 'ತಂಗಿ, ಇದು ಒಳ್ಳೇ ಸುದ್ದಿ, ರುಬೆಲ್ಲಾ ನಿನ್ನ ಹತ್ತಿರ ಬರಂಗಿಲ್ಲ' ಎಂದರಂತೆ. ಅವಳು ಅಲ್ಲೇ ಕೂತು ಅತ್ತಳು.

ಮದುವೆಗೆ ಮುಂಚೆ ನೋಡಬೇಕಾದದ್ದು ಇದೊಂದೇ, ರುಬೆಲ್ಲಾ ಐಜಿಜಿ. ಹಿಂದೆ ಬಂದು ಹೋದ ಸೋಂಕಿನ ಅಥವಾ ಲಸಿಕೆಯ ನೆನಪನ್ನು ರಕ್ತ ಹಿಡಿದಿಟ್ಟುಕೊಂಡಿದೆಯೇ ಎಂದು ಅದು ಹೇಳುತ್ತದೆ. ಪಾಸಿಟಿವ್ ಎಂದರೆ ರಕ್ಷಣೆ ಇದೆ, ನಿಶ್ಚಿಂತೆ. ನೆಗೆಟಿವ್ ಎಂದರೆ ರಕ್ಷಣೆ ಇಲ್ಲ, ಲಸಿಕೆ ಹಾಕಿಸಿಕೊಳ್ಳಬೇಕು. ಐಜಿಎಂ ಎಂಬುದು ಬೇರೆ. ಹೊಸದಾಗಿ ಸೋಂಕು ತಗುಲಿದ ಅನುಮಾನ ಇದ್ದಾಗ ಡಾಕ್ಟರರು ನೋಡುವಂಥದ್ದು, ಮೈಯಲ್ಲಿ ಯಾವ ತೊಂದರೆಯೂ ಇಲ್ಲದವರು ಅದರ ಬೆನ್ನು ಹತ್ತಬಾರದು. ಐಜಿಜಿಗೆ ತೋಳಿನಿಂದ ಸ್ವಲ್ಪ ರಕ್ತ ಸಾಕು. ಉಪವಾಸ ಇರಬೇಕಾಗಿಲ್ಲ. ನಮ್ಮ ಸಣ್ಣ ಲ್ಯಾಬುಗಳವರು ರಕ್ತ ತೆಗೆದು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ.

ಲ್ಯಾಬಿಗೆ ಹೋಗಲು ಆಗದವರು ಪರೀಕ್ಷೆ ಬಿಟ್ಟು ನೇರ ಲಸಿಕೆ ಹಾಕಿಸಿಕೊಂಡರೂ ನಡೆಯುತ್ತದೆ. ಆಗಲೇ ರಕ್ಷಣೆ ಇದ್ದವರಿಗೆ ಇನ್ನೊಂದು ಸೂಜಿಯಿಂದ ಕೇಡಿಲ್ಲ. ಇದು ಬಹಳ ಮಂದಿಗೆ ಗೊತ್ತಿಲ್ಲ. ಮಕ್ಕಳ ಡಾಕ್ಟರರ ಫ್ರಿಜ್ಜಿನಲ್ಲಿ ಎಂಎಂಆರ್ ಸಾಮಾನ್ಯವಾಗಿ ಇರುತ್ತದೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ಮದುವೆ ವಯಸ್ಸಿನವರ ಹೆಸರಿಲ್ಲದ ಕಾರಣ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಆ ಲಸಿಕೆಯ ಬಹುಪಾಲು ತಯಾರಾಗುವುದು ನಮ್ಮದೇ ರಾಜ್ಯದ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ. ಲಸಿಕೆಯ ದಿನದಿಂದ ಒಂದು ತಿಂಗಳು ಬಸುರಾಗಬಾರದು. ಗೊತ್ತಿಲ್ಲದೆ ಬಸುರಿದ್ದಾಗ ಹಾಕಿಸಿಕೊಂಡವರು ಗಾಬರಿಬಿದ್ದು ಗರ್ಭ ತೆಗೆಸಲು ಓಡಬಾರದು. ಹಾಗೆ ಹಾಕಿಸಿಕೊಂಡ ಸಾವಿರಾರು ಮಂದಿಯನ್ನು ಲೋಕದ ಬೇರೆ ಬೇರೆ ಕಡೆ ಗಮನಿಸಿದ್ದಾರೆ, ಲಸಿಕೆಯಿಂದ ಕೂಸು ಪೆಟ್ಟು ತಿಂದದ್ದು ಕಂಡಿಲ್ಲ.

ಆ ಒಂದು ತಿಂಗಳೇ ನಮ್ಮಲ್ಲಿ ದೊಡ್ಡ ತೊಡಕು. ಮದುವೆಯಾಗಿ ಎರಡು ತಿಂಗಳಿಗೆ ಓಣಿಯ ಹೆಂಗಸರು 'ಏನರೆ ವಿಶೇಷ?' ಎಂದು ಕೇಳತೊಡಗುತ್ತಾರೆ. ಹೊಸ ಸೊಸೆ ಅತ್ತೆಯ ಮನೆಯಲ್ಲಿ 'ಒಂದು ತಿಂಗಳು ತಡೀರಿ, ಸೂಜಿ ಹಾಕಿಸ್ಕೊಂಡೇನಿ' ಎನ್ನಲಾರಳು. ಸಾಕರಪುಡಾಕ್ಕೂ ಅಕ್ಷತೆಗೂ ನಡುವೆ ಸಿಗುವ ಒಂದೆರಡು ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಹುಡುಗಿ ತವರಲ್ಲೇ ಇರುತ್ತಾಳೆ, ಯಾರಿಗೂ ಉತ್ತರ ಹೇಳಬೇಕಾಗಿಲ್ಲ, ಬಸ್ತಾಕ್ಕೆ ವಿಜಯಪುರಕ್ಕೋ ಸಾಂಗಲಿಗೋ ಹೇಗೂ ಹೋಗುವುದಿರುತ್ತದೆ.

ಅದೂ ತಪ್ಪಿದವರಿಗೆ ಇನ್ನೊಂದು ಬಾಗಿಲಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಬಾಣಂತನ ಮುಗಿಸಿ ಹೋಗುವ ಮೊದಲು ಹಾಕಿಸಿಕೊಂಡರೆ ಎರಡನೆಯ ಕೂಸಿಗೆ ರಕ್ಷಣೆ ಸಿಗುತ್ತದೆ. ಹಾಲೂಡಿಸುವವರಿಗೆ ಅಡ್ಡಿಯಿಲ್ಲ. ಇನ್ನು ಬಸುರಿನ ಮೊದಲ ತಿಂಗಳುಗಳಲ್ಲಿ ಮೈಮೇಲೆ ಗುಳ್ಳಿ ಎದ್ದರೆ, ಅಥವಾ ಮನೆಯ ಮಕ್ಕಳಿಗೆ ಎದ್ದರೆ, ಬೇವಿನ ತಪ್ಪಲು ಕಟ್ಟಿ ಸುಮ್ಮನೆ ಕೂರದೆ ಅದೇ ದಿನ ಡಾಕ್ಟರರಿಗೆ ತೋರಿಸಬೇಕು.

2022ರ ನವೆಂಬರ್‌ನಲ್ಲಿ ಜತ್ತದ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳ ಮುಖಪುಟಕ್ಕೆ ಬಂತು. ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ 40 ಹಳ್ಳಿಗಳ ಮಾತೆತ್ತಿದ್ದರು. ನೀರಿಗಾಗಿ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಆ ಹಳ್ಳಿಗಳು ಹಿಂದೆ ಮಾಡಿದ್ದ ಠರಾವಿನ ಮೇಲೆ ದೊಡ್ಡ ಜಗಳವೇ ಆಯಿತು. ಅದೇ ವಾರಗಳಲ್ಲಿ ಮುಂಬಯಿಯ ಗೋವಂಡಿಯಲ್ಲಿ ಮಕ್ಕಳು ಗೋವರ್‌ನಿಂದ ಸಾಯುತ್ತಿದ್ದ ಸುದ್ದಿ ಒಳಪುಟದಲ್ಲಿತ್ತು. ಯಾವ ಕಡೆ ಸೇರಬೇಕು ಎಂಬ ಮಾತಿಗೆ ನನ್ನದೂ ಒಂದು ಅಭಿಪ್ರಾಯ ಇದೆ, ಇಲ್ಲಿ ಅದು ಬೇಡ. ನಾನು ಎರಡೂ ಸರ್ಕಾರಗಳನ್ನು ಕೇಳುವುದು ಒಂದನ್ನೇ. ಹೊಸದಾಗಿ ಮದುವೆಯಾದ ಜೋಡಿಯ ಹೆಸರು ಆಶಾ ಕಾರ್ಯಕರ್ತೆಯ ವಹಿಯಲ್ಲಿ ಇರುತ್ತದೆ. ಆ ವಹಿಯಲ್ಲಿ ರುಬೆಲ್ಲಾ ಸೂಜಿಗೂ ಒಂದು ಕಾಲಂ ಇರಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಹೇಗೂ ಇರುವ ಲಸಿಕೆಯಲ್ಲಿ ಅವಳಿಗೂ ಒಂದು ಪಾಲಿರಲಿ. ದಡಾರ–ರುಬೆಲ್ಲಾವನ್ನು 2023ಕ್ಕೆ ನಿರ್ಮೂಲ ಮಾಡುತ್ತೇವೆ ಎಂದಿದ್ದ ದೇಶ ಆ ಗಡುವನ್ನು 2026ಕ್ಕೆ ಮುಂದೂಡಿದೆ. ಪಕ್ಕದ ಶ್ರೀಲಂಕಾ ಎರಡನ್ನೂ ನಿರ್ಮೂಲ ಮಾಡಿದ್ದಕ್ಕೆ 2020ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಬಿತ್ತು.

ನಮ್ಮ ದೊಡ್ಡಾಕಿಯ ರಿಪೋರ್ಟು ನೆಗೆಟಿವ್ ಬಂತು. ನೂರರಲ್ಲಿ ರಕ್ಷಣೆ ಇಲ್ಲದ ಆ ಹದಿನೇಳರಲ್ಲಿ ಒಬ್ಬಳು ನಮ್ಮ ಮನೆಯಲ್ಲೇ ಇದ್ದಳು. ಬಸ್ತಾಕ್ಕೆ ವಿಜಯಪುರಕ್ಕೆ ಹೋದ ದಿನವೇ, ಸೀರೆ ಅಂಗಡಿಗೆ ಹೋಗುವ ಮೊದಲು ಮಕ್ಕಳ ಡಾಕ್ಟರರ ಹತ್ತಿರ ಹೋದೆವು. ಸುತ್ತ ಕೂಸುಗಳ ಅಳು. ಅವುಗಳ ನಡುವೆ ಕಾಲೇಜು ಮುಗಿಸಿದ ಹುಡುಗಿ ಮುದುಡಿ ಕೂತಿದ್ದಳು. ಡಾಕ್ಟರರು ಸಣ್ಣ ಶೀಶೆಯ ಬಿಳಿ ಪುಡಿಗೆ ನೀರು ಬೆರೆಸಿ, ಅಲುಗಾಡಿಸಿ, ತೋಳಿಗೆ ಚುಚ್ಚಿದರು. ಅರ್ಧ ನಿಮಿಷದ ಕೆಲಸ. ಆ ರಾತ್ರಿ ವೈನಿ ಅಡಿಗೆಮನೆಯ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಪೆನ್ನಿನಿಂದಲೇ, ಆ ದಿನದ ಚೌಕದಲ್ಲಿ 'ಸೂಜಿ' ಎಂದು ಬರೆದರು. ಬೆರಳಿಟ್ಟು ದಿನ ಎಣಿಸುತ್ತ ಹೋಗಿ, ಹಾಳೆ ಮಗುಚಿ, ಮುಂದಿನ ತಿಂಗಳ ಅದೇ ತಾರೀಖಿನ ಮೇಲೆ ಒಂದು ಚುಕ್ಕೆ ಇಟ್ಟರು. ಅಕ್ಷತೆಗೆ ಅಲ್ಲಿಂದ ಇನ್ನೂ ಒಂಬತ್ತು ದಿನ ಉಳಿದಿದ್ದವು.